ದೊರೆ ಲೋಟ

ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಲೋಟಕ್ಕೆ ಬಿಸಿ ಕಾಫಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಅದು ಪೂರ್ತಿ ಕಾಫಿಯದ್ದೂ ಅಲ್ಲ, ಲೋಹದ್ದೂ ಅಲ್ಲ. ಬೆವರಿದ ಅಂಗೈಯಲ್ಲಿ ಬಹಳ ಹೊತ್ತು ಹಿಡಿದುಕೊಂಡ ಕಾಸಿನ ವಾಸನೆಗೆ ಹತ್ತಿರವಾದದ್ದು. ಸ್ಟೀಲ್ ಲೋಟಕ್ಕೆ ಅದು ಬರುವುದಿಲ್ಲ, ಈ ದೇಶದ ದಪ್ಪ ಮಗ್‌ಗಳಿಗಂತೂ ಕೇಳುವುದೇ ಬೇಡ. ಮೆಲ್ಬರ್ನಿನಲ್ಲಿ ನನ್ನ ತಂಗಿ ವತ್ಸಲಳ ಮನೆಯಲ್ಲಿ ಅಂಥ ಒಂದು ಲೋಟ ಇದೆ. ಒಳಗಿನ ಕಲಾಯಿ ಸವೆದಿದೆ, ಅಂಚು ಒಂದು ಕಡೆ ನಗ್ಗಿದೆ. ನಮ್ಮ ಮನೆಯವರು ಯಾರೂ ಬಹಳ ಕಾಲ ಅದಕ್ಕೆ ಬಾಯಿ ಇಟ್ಟಿರಲಿಲ್ಲ. ಅದರ ಹೆಸರು ದೊರೆ ಲೋಟ. ನಿಮ್ಮ ಹಳೆಯ ಮನೆಯ ಜಗುಲಿಯಲ್ಲೂ ಹೊರಗಿನವರಿಗೆಂದು ಬೇರೆ ಇಟ್ಟ ಒಂದು ಲೋಟ ಇದ್ದಿರಬಹುದು, ಈಗ ಅದನ್ನು ನೆನೆಸಿಕೊಂಡರೆ ನಾಚಿಕೆಯೂ ಆಗಬಹುದು. ನನಗೂ ಆಗುತ್ತದೆ. ಆದರೆ ನಮ್ಮ ಮನೆಯದು ಅಂತ ಉಳಿದಿರುವುದು ಅದೊಂದೇ.

ಮೆಲ್ಬರ್ನಿನ ಅಂಚಿನ ಟಾರ್ನೀಟ್‌ನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲದ ಮಾತು ಇದು. ವತ್ಸಲ ಅಲ್ಲಿ ಮಗಳು ರೂಪಳ ಜೊತೆ ಇದ್ದಳು, ನಾನು ಸಿಡ್ನಿಯ ಚಾಟ್ಸ್‌ವುಡ್‌ನ ಒಂದು ಫ್ಲ್ಯಾಟಿನಲ್ಲಿ ಒಬ್ಬಳೇ. ಒಂದು ಸಂಜೆ ಡಿಕಾಕ್ಷನ್ ಇಳಿಯಲು ಬಿಟ್ಟು ಕೂತಿದ್ದಾಗ ರೂಪಳ ಫೋನ್ ಬಂತು. "ದೊಡ್ಡಮ್ಮ, ಹೀ ಡೈಡ್. ನಿಮ್ಮ ಕಾಫಿ ದೊರೆ."

"ಯಾವ ಪಿಕ್ಚರಿನಲ್ಲೇ?" ಎಂದು ಕೇಳುತ್ತಲೇ ಎದ್ದು ಹೋಗಿ ಹಾಲಿಗೆ ಗ್ಯಾಸ್ ಹಚ್ಚಿದೆ. ಆ ಕಡೆಯಿಂದ ಬಹಳ ಮೆಲ್ಲಗೆ, "ನೋ ದೊಡ್ಡಮ್ಮ. ನಿಜವಾಗ್ಲೂ. ನ್ಯೂಸ್‌ನಲ್ಲಿ ಬಂತು. ಲಂಡನ್ನಿನ ಮನೇಲಿ, ನಿದ್ದೆಯಲ್ಲೇ ಅಂತೆ. ಅಮ್ಮಂಗೆ ಇನ್ನೂ ಗೊತ್ತಿಲ್ಲ. ಗೊತ್ತಾಗಬಾರದು. ಬುಧವಾರ ಆಪರೇಷನ್. ಬೇಗ ಬನ್ನಿ."

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದದ್ದು ನನಗೆ ಆಮೇಲೆ ತಿಳಿಯಿತು.

ಆ ಮನುಷ್ಯನ ಮುಖ ಎಲ್ಲರಿಗೂ ಗೊತ್ತಿತ್ತು, ಹೆಸರು ಯಾರಿಗೂ ಗೊತ್ತಿರಲಿಲ್ಲ. ಬ್ರಿಟಿಷ್ ಚಿತ್ರಗಳಲ್ಲಿ ಆತ ಬಟ್ಲರ್, ಪಾದ್ರಿ, ಸ್ಟೇಷನ್ ಮಾಸ್ಟರ್, ಹಡಗಿನ ಡಾಕ್ಟರ್. ಹೀರೋಗೆ ಕೋಟು ತೊಡಿಸಿ, ಮೂರು ಒಳ್ಳೆಯ ಮಾತಾಡಿ, ಇಂಟರ್ವಲ್‌ಗೆ ಮುಂಚೆ ಸಾಯುವವನು. ಅವನಷ್ಟು ಚೆನ್ನಾಗಿ ಸಾಯುವವರು ಆ ದೇಶದಲ್ಲೇ ಇರಲಿಲ್ಲ. ನಾವು ಮಾತ್ರ ಅವನ ಮೊದಲ ಸಾವನ್ನು ಎರಡು ಮಾರು ದೂರದಿಂದ ನೋಡಿದ್ದೆವು, ಕೋಲಾರ ಚಿನ್ನದ ಗಣಿಯ ಊರಿನ ನಮ್ಮ ಕಾನ್ವೆಂಟಿನ ಹಾಲಿನಲ್ಲಿ, ನಮ್ಮ ಬಾಲ್ಯದಲ್ಲಿ.

ಅಣ್ಣ ಎಂದು ನಾವು ಕರೆಯುತ್ತಿದ್ದ ನಮ್ಮ ತಂದೆ ಗಣಿಯ ಆಫೀಸಿನಲ್ಲಿ ಗುಮಾಸ್ತರು. ತಗಡಿನ ಸೂರಿನ ಕ್ವಾರ್ಟರ್ಸ್. ಮುಂದೆ ಜಗುಲಿ, ಜಗುಲಿಗೆ ಆತುಕೊಂಡು ಅಮ್ಮ ನೆಟ್ಟ ಕನಕಾಂಬರ. ದೂರದಲ್ಲಿ ಗಣಿಯ ಮಣ್ಣು ಸುರಿದು ಎದ್ದ ಬೂದು ಗುಡ್ಡ. ಗಾಳಿ ಬೀಸಿದರೆ ಆ ಪುಡಿ ಅನ್ನದ ತಟ್ಟೆಗೂ ಬರುತ್ತಿತ್ತು. ನೆಲದ ಆಳದಲ್ಲಿ ಬಂಡೆ ಸಿಡಿದಾಗಲೆಲ್ಲ ಅಡುಗೆಮನೆಯ ಲೋಟಗಳು ಗಲಗಲ ಅನ್ನುತ್ತಿದ್ದವು. ಅಮ್ಮ ಸೌಟು ಹಿಡಿದ ಕೈ ನಿಲ್ಲಿಸಿ ಸೈರನ್ ಆಗುತ್ತದೋ ಎಂದು ಕಿವಿಗೊಡುವಳು. ಆಗದಿದ್ದರೆ ಮತ್ತೆ ಹುಳಿ ತಿರುವುವಳು. ಆ ವರ್ಷ ಒಮ್ಮೆ ಸೈರನ್ ಆಗಿತ್ತು. ಪಕ್ಕದ ಮನೆಯ, ನಮಗೆ ದಿನಾ ಪೆಪ್ಪರ್‌ಮೆಂಟ್ ಕೊಡುತ್ತಿದ್ದ ಮಾಮ ಕೆಳಗೆ ಇಳಿದವರು ಮೇಲೆ ಬರಲಿಲ್ಲ. ಆರು ವರ್ಷದ ವತ್ಸಲ ಅವರ ಜಗುಲಿಯಲ್ಲಿ ಕೂತು ಕಾದದ್ದೇ ಕಾದದ್ದು.

ಇಂಥದ್ದರಲ್ಲಿ, ಊರೂರು ಸುತ್ತಿ ಇಂಗ್ಲಿಷ್ ನಾಟಕ ಆಡುವ ಒಂದು ತಂಡ ಕಾನ್ವೆಂಟಿಗೆ ಬಂತು. ನಾಟಕ ಯಾವುದೋ ಮರೆತಿದೆ. ಅದರಲ್ಲಿ ವಿಷ ಕುಡಿದು ಸಾಯುವ ಒಬ್ಬ ಮುದುಕ, ತಲೆಗೆ ಬಿಳಿ ಪೌಡರು. ಬಿದ್ದ ಮೇಲೆ ಅವನ ಕೈಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡು ಸುಮ್ಮನಾದದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ. ವತ್ಸಲ ಕಿರುಚಿದ ಕಿರುಚಿಗೆ ಇಡೀ ಸಭೆ ತಿರುಗಿ ನೋಡಿತು. "ಟೇಕ್ ದಟ್ ಚೈಲ್ಡ್ ಔಟ್," ಎಂದರು ಕಾನ್ವೆಂಟಿನ ಮದರ್. ಮನೆಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿದಳು. ಅನ್ನ ಇಲ್ಲ, ಮಾತಿಲ್ಲ, ಮೈ ಸುಡುವ ಜ್ವರ. ಆಸ್ಪತ್ರೆಯ ಮಿಕ್ಸ್ಚರ್ ಬಾಯಿಗೆ ಹಾಕಿದರೆ ಹೊರಗೆ ಬರುತ್ತಿತ್ತು. ಅಜ್ಜಿ ದೃಷ್ಟಿ ತೆಗೆದಳು. ಅಮ್ಮ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಗ ಅಣ್ಣ, ಆಫೀಸಿನಲ್ಲಿ ದೊರೆಗಳ ಮುಂದೆ ತಲೆ ಎತ್ತಿ ನಿಲ್ಲದ ನಮ್ಮ ಅಣ್ಣ, ಮುಚ್ಚುಕೋಟು ತೊಟ್ಟು, ಪೇಟ ಇಟ್ಟುಕೊಂಡು, ತಂಡದವರು ಇಳಿದಿದ್ದ ಬಂಗಲೆಯ ಏರು ಹತ್ತಿ ಹೋದರು. ಸ್ವರಾಜ್ಯ ಬಂದಿದ್ದರೂ ಆ ಬಂಗಲೆಗಳಲ್ಲಿ ನಮ್ಮವರು ಹಿಂದಿನ ಬಾಗಿಲಲ್ಲೇ ನಿಲ್ಲಬೇಕಿತ್ತು. ಅವರು ಯಾವ ಬಾಗಿಲಿಗೆ ಹೋದರು, ಏನೆಂದು ಕೇಳಿದರು, ಕೊನೆಯವರೆಗೂ ನಮಗೆ ಹೇಳಲಿಲ್ಲ.

ಬಿಸಿಲಲ್ಲಿ ಅಣ್ಣನ ಹಿಂದೆ ನಡೆದುಕೊಂಡೇ ಬಂದ ಒಬ್ಬ ಸಣಕಲು ಬಿಳಿ ಹುಡುಗ, ನಾಟಕದಲ್ಲಿ ಸತ್ತ ಆ ಮುದುಕನೇ. ಇಪ್ಪತ್ತರ ಆಚೀಚೆ ಇರಬೇಕು. ಕಿವಿಯ ಹಿಂದೆ ಇನ್ನೂ ಪೌಡರು ಅಂಟಿತ್ತು. ಮಡಿಯುಟ್ಟಿದ್ದ ಅಜ್ಜಿ ಅವನನ್ನು ಒಳಗೆ ಕರೆಯಲಿಲ್ಲ, ಬೇಡವೆಂದೂ ಅನ್ನಲಿಲ್ಲ. ವತ್ಸಲಳನ್ನೇ ಎತ್ತಿಸಿ ಜಗುಲಿಗೆ ತರಿಸಿದಳು. ಹೊರಗಿನವರ ಹಿತ್ತಾಳೆ ಲೋಟದಲ್ಲಿ ಕಾಫಿ ಬಂತು. ಅಣ್ಣ ತಮ್ಮ ಲೋಟವನ್ನು ಮೇಲೆತ್ತಿ, ತುಟಿಗೆ ತಾಗಿಸದೆ ಕುಡಿದು ತೋರಿಸಿದರು. ಆತ ಗಂಭೀರವಾಗಿ ನೋಡಿ ಹಾಗೇ ಎತ್ತಿದ. ಅರ್ಧ ಕಾಫಿ ಮೂಗಿಗೆ, ಅರ್ಧ ಷರಟಿಗೆ. ವತ್ಸಲ ಕಿಸಕ್ಕೆಂದು ನಕ್ಕಳು. ಅಜ್ಜಿ ಬಾಗಿಲ ಮರೆಯಿಂದಲೇ, "ಸತ್ತವರು ಮೈಮೇಲೆ ಕಾಫಿ ಚೆಲ್ಕೊಳ್ಳಲ್ಲ ಕಣೇ. ನೋಡ್ಕೋ," ಎಂದಳು. ಇನ್ನೊಂದು ಸಲ ಹಾಕಿಸಿಕೊಂಡು, ಈ ಬಾರಿ ಧೈರ್ಯ ಸಾಲದೆ, ಕಚ್ಚಿಯೇ ಕುಡಿದ. ಅಲ್ಲಿಗೆ ಆ ಲೋಟ ಎಂಜಲಾಯಿತು. ತೊಳೆದರೂ ಒಳಗೆ ಬರಲಿಲ್ಲ. ದೊರೆ ಲೋಟ ಎನ್ನಿಸಿಕೊಂಡು ಜಗುಲಿಯ ಕಿಟಕಿಯಲ್ಲೇ ಉಳಿಯಿತು.

ಕೆಲವು ವರ್ಷಗಳಾದ ಮೇಲೆ ಕ್ಲಬ್ಬಿನಲ್ಲಿ ತೋರಿಸಿದ ಇಂಗ್ಲಿಷ್ ಪಿಕ್ಚರಿನಲ್ಲಿ ಅದೇ ಮುಖ ಕಂಡಿತು, ಮತ್ತೆ ಸತ್ತಿತು. ವತ್ಸಲ ದಾರಿಯುದ್ದಕ್ಕೂ ಮುಖ ಸಣ್ಣ ಮಾಡಿಕೊಂಡು ಬಂದಳು. ಅಜ್ಜಿ ಏನೂ ಕೇಳದೆ ಕಾಫಿ ಬೆರೆಸಿ ಕಿಟಕಿಯ ಲೋಟಕ್ಕೆ ಹಾಕಿದಳು. "ಎದ್ದು ಬಂದು ಕುಡ್ಕೊಂಡ್ ಹೋಗ್ತಾನೆ, ಮಲ್ಕೋ." ಬೆಳಿಗ್ಗೆ ಲೋಟ ಖಾಲಿ. ಕನಕಾಂಬರದ ಬುಡ ಒದ್ದೆಯಾಗಿದ್ದದ್ದನ್ನು ನಾನು ನೋಡಿದೆ, ಹೇಳಲಿಲ್ಲ. ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯೇ ಆಯಿತು. ಅವನು ಸತ್ತಾಗಲೆಲ್ಲ ಒಂದು ಲೋಟ ಕಾಫಿ. ಅಜ್ಜಿ ಹೋದಳು, ಅಣ್ಣ ಹೋದರು, ಅಮ್ಮ ಹೋದಳು. ಗಣಿ ಮುಚ್ಚಿತು, ಕ್ವಾರ್ಟರ್ಸಿನ ತಗಡನ್ನು ಯಾರೋ ಬಿಚ್ಚಿಕೊಂಡು ಹೋದರಂತೆ. ಲೋಟ ವತ್ಸಲಳ ಸೂಟ್‌ಕೇಸಿನಲ್ಲಿ ಸಮುದ್ರ ದಾಟಿತು. ಇಲ್ಲಿಯ ಟಿವಿಯಲ್ಲಿ ವಾರಕ್ಕೊಂದಾದರೂ ಹಳೆಯ ಬ್ರಿಟಿಷ್ ಪಿಕ್ಚರ್ ಹಾಕುತ್ತಾರಲ್ಲ, ಪ್ರತಿ ಭಾನುವಾರ ನಾನು ಫೋನ್ ಮಾಡಿದರೆ ಮೊದಲ ಮಾತೇ, "ದೊರೆ ಈ ವಾರ ಸತ್ನೇನೇ?" ಸತ್ತಿದ್ದರೆ, "ಸತ್ತ, ಕಾಫೀನೂ ಕುಡಿದ," ಅನ್ನುವಳು. ಕುಡಿಯುತ್ತಿದ್ದದ್ದು ಹಿತ್ತಲಿನ ನಿಂಬೆ ಗಿಡ.

ಅವಳ ಹೃದಯದ ನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಮಾಡದಿದ್ದರೆ ಯಾವ ದಿನ ಏನಾಗುವುದೋ ಹೇಳಲಾಗದು ಎಂದು ಡಾಕ್ಟರು ಹೇಳಿ ತಿಂಗಳುಗಳೇ ಆಗಿದ್ದವು. ಇವಳು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಎದೆ ಸೀಳಿ, ಹೃದಯ ನಿಲ್ಲಿಸಿ, ಆಮೇಲೆ ಮತ್ತೆ ಶುರು ಮಾಡುತ್ತಾರೆ ಎಂದು ಯಾರೋ ವಿವರಿಸಿದ್ದೇ ತಪ್ಪಾಗಿತ್ತು. ಕೊನೆಗೆ ಒಂದು ದಿನ ತಾನಾಗಿಯೇ ರೂಪಳಿಗೆ ಹೇಳಿದಳಂತೆ: "ದೊರೆ ಎಷ್ಟು ಸಲ ಸತ್ತು ಎದ್ದಿದ್ದಾನೆ. ನಾನು ಒಂದು ಸಲ ಏಳಲ್ವಾ? ಹೂಂ ಅನ್ನು ಡಾಕ್ಟರಿಗೆ." ಆ ಹೂಂ ನಿಂತಿದ್ದದ್ದು ಅವನ ಮೇಲೆ. ಅದಕ್ಕೇ ರೂಪ ಫೋನಿನಲ್ಲಿ ಹಾಗೆ ಪಿಸುಗುಟ್ಟಿದ್ದು.

ನಾನು ಹೋಗುವಷ್ಟರಲ್ಲಿ ಆ ಮನೆಯಲ್ಲಿ ಟಿವಿ ಕೆಟ್ಟಿತ್ತು, ಎಂದರೆ ರೂಪ ಹಿಂದಿನ ಕೇಬಲ್ ಕಿತ್ತು ತನ್ನ ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು. ಪೇಪರನ್ನು ಬೆಳಿಗ್ಗೆಯೇ ಬಿನ್ನಿಗೆ ಹಾಕುತ್ತಿದ್ದಳು. ಫೋನ್ ರಿಂಗ್ ಆದರೆ ಇಬ್ಬರೂ ಓಡುತ್ತಿದ್ದೆವು. ವತ್ಸಲ ಸೋಫಾದಲ್ಲಿ ಕೂತು ನಮ್ಮ ಓಡಾಟ ನೋಡುತ್ತಿದ್ದಳು. ಸೋಮವಾರ ಸಂಜೆ ಪಕ್ಕದ ಬೀದಿಯ ಶಕುಂತಲಾ ಬಂದರು. ಹುಬ್ಬಳ್ಳಿಯವರು, ರಿಟೈರ್ಡ್ ಲೆಕ್ಚರರ್, ಡಬ್ಬಿಯಲ್ಲಿ ಗಿರಮಿಟ್ ತಂದಿದ್ದರು.

"ಏನ್ರೀ ವತ್ಸಲಾ, ಟಿವಿ ಯಾಕ ಬಂದ್ ಇಟ್ಟೀರಿ? ಮತ್ತ ನಿಮ್ಮ ಆ ಮುದಕಂದು ಸುದ್ದಿ ಹೆಂಗ ಗೊತ್ತಾತು? ನಾ ನೋಡಿದ ಕೂಡ್ಲೆ ಅಂದೆ—"

"ನಿಮ್ಮ ಮೊಮ್ಮಗಳಿಗೆ ಗಂಡು ಗೊತ್ತಾಯ್ತಂತಲ್ಲ ಶಕುಂತಲಾ, ಕಂಗ್ರಾಟ್ಸ್," ಎಂದೆ ನಾನು.

ಅವರು ಚಮಚ ಹಿಡಿದೇ ನನ್ನನ್ನು ನೋಡಿದರು. "ಒಂಬತ್ತು ವರ್ಷದಾಕಿ ಅದಾಳರೀ ಆಕಿ."

ನಾನು ಕಣ್ಣು ಮಾಡಿದೆ. ಅವರಿಗೆ ಹೊಳೆಯಿತು, ಪುಣ್ಯಾತ್ಗಿತ್ತಿಗೆ. "ಹಾಂ, ಹಾಂ. ಈಗಿಂದನ ನೋಡಾಕತ್ತೀವ್ರೀ, ಮುಂದ ತುಟ್ಟಿ ಆಗತಾವು," ಅಂದು ಗಿರಮಿಟ್ ಬಡಿಸತೊಡಗಿದರು. ವತ್ಸಲ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ತಟ್ಟೆ ತೆಗೆದುಕೊಂಡಳು. ಏನೂ ಕೇಳಲಿಲ್ಲ. ಕೇಳದಿದ್ದದ್ದೇ ನನಗೆ ಹೆದರಿಕೆ.

ಬುಧವಾರ ಬೆಳಗಿನ ಜಾವ ರೂಪ ಬ್ಯಾಗನ್ನು ಕಾರಿಗೆ ಒಯ್ದಳು. ವತ್ಸಲ ಸ್ನಾನ ಮಾಡಿ, ಸ್ವೆಟರ್ ಹಾಕಿಕೊಂಡು, ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಮುಂದೆ ದೊರೆ ಲೋಟ.

"ಅಕ್ಕ, ಕಾಫಿ ಬೆರೆಸು."

"ಇವತ್ತು ನೀನು ನೀರೂ ಕುಡಿಯೋ ಹಾಗಿಲ್ಲ ಕಣೆ."

"ನನಗಲ್ಲ."

ಎದುರಿನ ಕುರ್ಚಿ ಎಳೆದುಕೊಂಡು ಕೂತೆ. "ಯಾರು ಹೇಳಿದರು?"

"ನೀನೇ. ಭಾನುವಾರ ಬಂದಿಳಿದೆ, ದೊರೆ ಸತ್ನಾ ಅಂತ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಕೇಳದೇ ಇದ್ದದ್ದು ಅದೊಂದೇ ಸಲ." ಅವಳ ದನಿ ಸಮವಾಗಿತ್ತು. "ಈ ಸಲ ಏಳಲಿಲ್ಲ, ಅಲ್ವಾ ಅಕ್ಕ? ರೂಪಂಗೆ ಹೇಳಿಬಿಡು. ನಾನು ಬರಲ್ಲ."

ಹೊರಗೆ ಕಾರಿನ ಇಂಜಿನ್ ಶುರುವಾಗಿತ್ತು. ಲೈಟು ಕಿಟಕಿಯ ಮೇಲೆ ಬಿದ್ದು ನಿಂತಿತ್ತು. ಹೊತ್ತು ಮೀರಿದರೆ ಇನ್ನೊಬ್ಬರ ಸರದಿ. ಮತ್ತೆ ಇವಳಿಂದ ಹೂಂ ಅನ್ನಿಸುವವರು ಯಾರು? ಲೋಟದ ನಗ್ಗಿದ ಅಂಚು ಸವರಿದೆ. ಏಕೋ ಅಣ್ಣನ ಪೇಟ ಕಣ್ಣಿಗೆ ಬಂತು, ಬಿಸಿಲಲ್ಲಿ ಏರು ಹತ್ತುತ್ತಿದ್ದ ಅವರ ಬೆನ್ನು.

"ಸಾಯೋದು ಅವನ ಕೆಲಸವಾಗಿತ್ತು ವಚ್ಚು, ಏಳೋದೂ ಕೆಲಸವೇ. ನಮ್ಮ ಜಗುಲಿಗೆ ಬಂದದ್ದು ಮಾತ್ರ ಕೆಲಸ ಅಲ್ಲ," ಎಂದೆ. "ಅಣ್ಣ ಹೋಗಿ ಕರೆದರು, ಅದಕ್ಕೆ ಬಂದ. ಲಂಡನ್ನಿನಲ್ಲಿ ಅವನನ್ನ ಯಾರು ಕರೆದರೋ, ಇಲ್ಲವೋ. ನಿನ್ನನ್ನ ನಾನು ಕರೀತೀನಿ."

ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಆರು ವರ್ಷದವಳ ಹಾಗೆ, "ಯಾವ ಬಾಗಿಲ ಹತ್ರ ನಿಂತಿರ್ತೀಯ?" ಎಂದಳು.

"ಮುಂದಿಂದು. ಸಿಸ್ಟರ್ ಬೈದರೂ ಮುಂದಿಂದೇ."

ಅವಳು ಟೇಬಲ್ಲಿಗೆ ಕೈಯೂರಿ ಎದ್ದಳು.

ಆ ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಕಾಯುವ ಕೋಣೆಯ ನೀಲಿ ಕುರ್ಚಿಗಳು, ಯಂತ್ರದ ಕಾಫಿಯ ಸುಟ್ಟ ವಾಸನೆ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ನನಗೆ ಅಡುಗೆಮನೆಯ ಲೋಟಗಳು ಗಲಗಲ ಅಂದಂತಾಗುತ್ತಿತ್ತು. ಅಮ್ಮನ ಹಾಗೆಯೇ ನಾನೂ ಸೈರನ್ನಿಗೆ ಕಿವಿಗೊಟ್ಟು ಕೂತಿದ್ದೆ. ಸಂಜೆ ಒಳಗೆ ಬಿಟ್ಟರು. ಬಾಯಲ್ಲಿ ನಳಿಕೆ, ಮುಖ ಊದಿ ಗುರುತೇ ಸಿಗದು. ಹಾಸಿಗೆಯ ಮೇಲೆ ಬಿದ್ದ ಕೈ, ಬಿಚ್ಚಿಕೊಂಡ ಬೆರಳುಗಳು. ಆ ಕಾನ್ವೆಂಟಿನ ಸ್ಟೇಜನ್ನೇ ಮತ್ತೆ ನೋಡಿದಂತಾಯಿತು. ಬಗ್ಗಿ, "ವಚ್ಚು, ಅಕ್ಕ ಬಂದಿದೀನಿ. ಏಳೇ," ಎಂದೆ. ಏನೂ ಆಗಲಿಲ್ಲ. "ಶೀ ಮೇ ನಾಟ್ ಹಿಯರ್ ಯು ಯೆಟ್, ಡಾರ್ಲಿಂಗ್," ಎಂದಳು ನರ್ಸು. ಮತ್ತೆ ಕರೆದೆ, ಈ ಸಲ ಜಗುಲಿಯಿಂದ ಬೀದಿಗೆ ಕೂಗುವ ದನಿಯಲ್ಲಿ. ಕಿರುಬೆರಳು ಮೆಲ್ಲಗೆ ಮಡಚಿತು.

ಅವಳು ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ಅವನ ನೆನಪಿಗೆಂದು ಟಿವಿಯಲ್ಲಿ ಹಳೆಯ ಚಿತ್ರ ಹಾಕಿದರು. ಕೇಬಲ್ ರೂಪಳ ಹ್ಯಾಂಡ್‌ಬ್ಯಾಗಿನಿಂದ ಹೊರಗೆ ಬಂದಿತ್ತು. ವತ್ಸಲ ಕೆಮ್ಮು ಬಂದರೆ ಎದೆಗೆ ಒತ್ತಿಕೊಳ್ಳಲು ಆಸ್ಪತ್ರೆಯಲ್ಲಿ ಕೊಟ್ಟ ದಿಂಬನ್ನು ಅಪ್ಪಿಕೊಂಡು ಕೂತಿದ್ದಳು. ಅವನು ಬಟ್ಲರ್. ಟ್ರೇ ಹಿಡಿದು ಮೆಟ್ಟಿಲು ಹತ್ತುತ್ತಾ, ಟ್ರೇಯನ್ನು ಮಾತ್ರ ಜೋಪಾನವಾಗಿ ಕೆಳಗಿಟ್ಟು, ಸತ್ತ. ಕಾಫಿಗೆಂದು ನಾವಿಬ್ಬರೂ ಏಳಲಿಲ್ಲ. ಎದ್ದು ಬಂದು ಕುಡಿಯುವುದಕ್ಕೆ ಈಗ ಯಾರಿದ್ದಾರೆ? ಆಮೇಲೆ ಅವಳೇ ಹೇಳಿದಳು, "ಹಾಕು ಅಕ್ಕ. ಆದದ್ದಾಗಲಿ."

ಬೆರೆಸಿ ತಂದು ಕಿಟಕಿಯಲ್ಲಿ ಇಡಹೋದೆ. ಅವಳು ಕೈ ಚಾಚಿದಳು. ಕೊಟ್ಟೆ. ಎದೆಯ ಹೊಲಿಗೆ ಮಾಯುವವರೆಗೆ ತೋಳು ಮೇಲೆತ್ತುವ ಹಾಗಿರಲಿಲ್ಲ ಅವಳಿಗೆ. ಲೋಟವನ್ನು ತುಟಿಗಿಟ್ಟು ಕಚ್ಚಿಯೇ ಕುಡಿದಳು, ನಗ್ಗಿದ ಅಂಚಿನ ಕಡೆಯಿಂದ. ಅರ್ಧ ಉಳಿಸಿ ನನ್ನ ಕೈಗೆ ಕೊಟ್ಟು, "ಬೈ ಟು," ಎಂದಳು. ನಾನೂ ಎತ್ತಲಿಲ್ಲ. ಹಿತ್ತಾಳೆ ತುಟಿಗೆ ತಾಗಿ ಬಿಸಿಯಾಯಿತು, ಆ ಕಾಸಿನ ವಾಸನೆ ಹತ್ತಿರದಿಂದ ಬಂತು. ಅದರ ಹಿಂದೆಯೇ ಜಗುಲಿ, ಬೂದು ಗುಡ್ಡದ ಗಾಳಿ, ಬಾಗಿಲ ಮರೆಯಲ್ಲಿ ಅಜ್ಜಿಯ ಸೀರೆಯ ಅಂಚು.

ಟಿವಿಯಲ್ಲಿ ಹೆಸರುಗಳು ಮೇಲೇರುತ್ತಿದ್ದವು. ಅವನದು ಯಾವಾಗಲೂ ಕೊನೆಗೆ, ಸಣ್ಣ ಅಕ್ಷರದಲ್ಲಿ. ಓದುವಷ್ಟರಲ್ಲಿ ಹೋಯಿತು. ನಾನು ಲೋಟ ತೊಳೆದು, ಎಲ್ಲಿಡುವುದೆಂದು ಒಂದು ಗಳಿಗೆ ನಿಂತು, ಒಳಗಿನ ಲೋಟಗಳ ಜೊತೆಗೇ ಬೋರಲು ಹಾಕಿದೆ.