ಅಮ್ಮನ ಉಸಿರು, ನನ್ನ ಪಾರಿವಾಳ

ಫ್ರೆಂಡ್ಸ್, ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟಿದ್ದು ಗಣಿತ ಬರಲಿಲ್ಲ ಅಂತ ಅಲ್ಲ, ಪಾರಿವಾಳ ಸಾಕೋಕೆ. ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ಇವತ್ತು ಯಲಹಂಕದ ಒಂದು ಕ್ಲಿನಿಕ್ಕಿನಲ್ಲಿ ಅಮ್ಮನ ಎದುರಿಗೇ ಹೇಳಬೇಕಾಯಿತು.

ಆರು ತಿಂಗಳಿಂದ ಅಮ್ಮನಿಗೆ ಮಹಡಿ ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿಲ್ಲ. ಹೃದಯ ಸರಿಯಿದೆ, ರಕ್ತವೂ ಸರಿಯಿದೆ, ಕಾರಣ ಮಾತ್ರ ಯಾರಿಗೂ ಗೊತ್ತಾಗಿರಲಿಲ್ಲ. ಇವತ್ತಿನ ಡಾಕ್ಟರಮ್ಮ ಎಕ್ಸ್‌ರೇ ನೋಡಿ, "ಮನೇಲಿ ಪಾರಿವಾಳ ಏನಾದ್ರೂ ಇದಾವಾ?" ಅಂತ ಕೇಳಿದರು.

"ಅಯ್ಯೋ, ಒಂದೂ ಇಲ್ಲ ಮೇಡಂ," ಅಂತ ಅಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

"ಮೂವತ್ತೆರಡು ಇದಾವೆ ಮೇಡಂ. ನಾನು ಏಳೋದು ಲೇಟು, ದಿನಾ ಗೂಡು ಗುಡಿಸೋದು ಅಮ್ಮಾನೇ."

"ಎಷ್ಟು ವರ್ಷದಿಂದ?"

"ಒಂಬತ್ತನೇ ಕ್ಲಾಸಿಂದ. ಅದಕ್ಕೇ ಸ್ಕೂಲ್ ಬಿಟ್ಟೆ."

"ಅದು ನಂಗೆ ಆವತ್ತೇ ಗೊತ್ತು. ಈಗ ಸುಮ್ನಿರೋ," ಅಂದಳು ಅಮ್ಮ.

ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಇಳಿದಿರಬಹುದು ಅಂತ ಡಾಕ್ಟರಮ್ಮ ಸ್ಕ್ಯಾನಿಂಗ್ ಬರೆದುಕೊಟ್ಟರು. "ಮೊದಲು ಅವನ್ನ ಮನೆಯಿಂದ ಕಳಿಸಿ," ಅಂದರು.

ಆಟೋದಲ್ಲಿ ಅಮ್ಮ ಮಾತು ನಿಲ್ಲಿಸಿ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಲೇ ಅವುಗಳ ಪರ ವಾದ ಮಾಡಿದಳು. "ಯಾರಿಗೆ ಕೊಟ್ರೂ ಸಂಜೆಗೆ ನಮ್ಮ ಮನೆಗೇ ವಾಪಸ್ ಬರ್ತಾವೆ ಕಣೋ. ನಾನು ಮೂಗಿಗೆ ಬಟ್ಟೆ ಕಟ್ಕೊಂಡು ಗುಡಿಸ್ತೀನಿ ಬಿಡು."

ವಾಪಸ್ ಬರೋದು ನಿಜ. ಹೊಸ ಗೂಡಿಗೆ ಒಗ್ಗೋವರೆಗೂ ಅವುಗಳನ್ನು ಕೂಡಿಹಾಕಿ, ಸಾಕಿದವನೇ ಜೊತೆಗಿರಬೇಕು. ಹುಣಸಮಾರನಹಳ್ಳಿಯ ಗೆಳೆಯನ ಹತ್ತಿರ ಖಾಲಿ ಶೆಡ್ಡಿದೆ.

ನಾಳೆ ಬೆಳಿಗ್ಗೆ ನಾವು ಮೂವತ್ತಮೂರು ಜನ ಮನೆ ಬಿಡುತ್ತಿದ್ದೇವೆ.