ನಂಜಿನ ವಾರ್ಡಿನ ಚೀಟಿಗಳು

ನಾನು ನರ್ಸಾಗಿ ಕೆಲಸಕ್ಕೆ ಸೇರಿದ ಆಸ್ಪತ್ರೆ ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿತ್ತು. ಯಾರೋ ಪುಣ್ಯಾತ್ಮರು ಕಟ್ಟಿಸಿಕೊಟ್ಟ ಧರ್ಮಾಸ್ಪತ್ರೆ. ಅದರ ಹೆಸರು ಇಲ್ಲಿ ಬೇಡ. ನಾನು ಹೇಳಹೊರಟಿರುವ ತಪ್ಪು ನನ್ನದು, ಕಟ್ಟಡದ್ದಲ್ಲ. ಅರವತ್ತರ ದಶಕದ ಮಾತು. ಚನ್ನರಾಯಪಟ್ಟಣದ ಕಡೆಯ ಹಳ್ಳಿಯವಳಾದ ನಾನು ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದಿದ್ದೆ. ಬಿಳಿ ಸೀರೆಯೂ ಇತ್ತು, ಇಪ್ಪತ್ತಮೂರು ವರ್ಷದ ಆತ್ಮವಿಶ್ವಾಸವೂ ಇತ್ತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಗಂಜಿ ಹಾಕಿದ್ದೆನೋ ಈಗ ಹೇಳಲಾರೆ.

ನನಗೆ ಕೊಟ್ಟಿದ್ದು ನಂಜಿನ ವಾರ್ಡು. ಕಾಲಿಗೆ ನೇಗಿಲ ಗುಳ ತಾಗಿ ಕೀವಾದವರು, ಹೆರಿಗೆಯಾಗಿ ವಾರಕ್ಕೆ ಚಳಿಜ್ವರ ಹಿಡಿದ ಬಾಣಂತಿಯರು, ಹೊಟ್ಟೆ ಕಲ್ಲಿನಂತಾದವರು ಅಲ್ಲಿಗೆ ಗಾಡಿಯಲ್ಲೋ ಬಸ್ಸಿನ ಹಿಂದಿನ ಸೀಟಿನಲ್ಲೋ ಮಲಗಿ ಬರುತ್ತಿದ್ದರು. ಬರುವ ಹೊತ್ತಿಗೆ ನಂಜು ರಕ್ತಕ್ಕೇರಿ, ಕೈಕಾಲು ತಣ್ಣಗಾಗಿ, ನಾಡಿ ಬೆರಳಿಗೆ ಸಿಗದಂತಾಗಿರುತ್ತಿತ್ತು. ಡಾಕ್ಟರು ಇದನ್ನು ಷಾಕ್ ಎನ್ನುತ್ತಿದ್ದರು. ಒಮ್ಮೆ ರೋಗಿಯೊಬ್ಬನ ಅಣ್ಣನಿಗೆ ಹಾಗೆಂದಾಗ ಅವನು ಬಹಳ ಹೊತ್ತು ಯೋಚಿಸಿ, "ನಮ್ಮೂರ್ಗಿನ್ನೂ ಕರೆಂಟೇ ಬಂದಿಲ್ವಲ್ಲ ಸಾ," ಎಂದ.

ದೊಡ್ಡ ಡಾಕ್ಟರು ಇಂಗ್ಲೆಂಡಿನಲ್ಲಿ ಓದಿ ಬಂದವರು. ಸಣಕಲು ಮೈ, ಮೆಲುಮಾತು, ಸುಳ್ಳು ಹೇಳಲು ಬಾರದ ನಾಲಿಗೆ. ಹಾಗಾಗಿ ರೋಗಿಗಳ ಮನೆಯವರಿಗೆ ಅವರು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಉಳಿಯುತ್ತಾರಾ ಎಂದು ಕೇಳಿದರೆ ಗೊತ್ತಿಲ್ಲ ಎಂದುಬಿಡುತ್ತಿದ್ದರು. ಗೊತ್ತಿಲ್ಲ ಎನ್ನುವುದಕ್ಕೆ ಊರಿನಲ್ಲಿ ಜನ ಬೇಕಾದಷ್ಟಿದ್ದರು. ಅದಕ್ಕಾಗಿ ಯಾರೂ ಅರಕಲಗೂಡಿನಿಂದ ಬಸ್ಸು ಹತ್ತಿ ಬರುತ್ತಿರಲಿಲ್ಲ.

ಒಂದು ದಿನ ಅವರಿಗೆ ಪರದೇಶದ ಸ್ನೇಹಿತರಿಂದ ಪೆಟ್ಟಿಗೆಯೊಂದು ಬಂತು. ಒಳಗೆ ಸ್ಟೆರಾಯ್ಡ್ ಇಂಜಕ್ಷನ್ನಿನ ಸಣ್ಣ ಸೀಸೆಗಳು. ನಂಜಿನ ಷಾಕಿಗೆ ಇದನ್ನು ಕೊಟ್ಟರೆ ಸಾಯುವವರೂ ಎದ್ದು ಕೂರುತ್ತಾರೆಂದು ಕೆಲವು ಡಾಕ್ಟರುಗಳು ಬರೆದಿದ್ದರಂತೆ. ಮೈಯ ಹೋರಾಟವನ್ನೇ ಇದು ಅಡಗಿಸುತ್ತದೆ, ಬದುಕುವವರನ್ನೂ ಕೊಲ್ಲುತ್ತದೆ ಎಂದು ಇನ್ನು ಕೆಲವರು. ಎರಡೂ ಕಡೆಯವರು ಸಮನಾಗಿ ಖಚಿತವಾಗಿದ್ದರು. ಡಾಕ್ಟರು ಮಾತ್ರ ಎಂದಿನಂತೆ ಗೊತ್ತಿಲ್ಲ ಎಂದರು, ಆದರೆ ಈ ಸಲ ತಿಳಿದುಕೊಳ್ಳಲು ಹೊರಟರು.

ಅವರ ಯೋಜನೆ ಸರಳವಾಗಿತ್ತು. ಷಾಕ್ ಆಗಿ ಬಂದವರಿಗೆಲ್ಲ ನರಕ್ಕೆ ಬಾಟಲಿ ನೀರು ಏರಿಸಿ, ನಂಜಿನ ಔಷಧಿ ಕೊಡುವುದು. ಅವರಲ್ಲಿ ಅರ್ಧ ಜನಕ್ಕೆ ಮಾತ್ರ ಹೊಸ ಇಂಜಕ್ಷನ್ನು ಸೇರಿಸುವುದು. ಯಾವ ಅರ್ಧ ಎಂಬುದನ್ನು ಚೀಟಿ ಹೇಳಬೇಕು. ಕಂದು ಬಣ್ಣದ ಲಕೋಟೆಗಳಲ್ಲಿ ಅರ್ಧಕ್ಕೆ 'ಹೌದು', ಅರ್ಧಕ್ಕೆ 'ಇಲ್ಲ' ಎಂದು ಬರೆದ ಚೀಟಿ ಹಾಕಿ, ಅಂಟಿಸಿ, ಇಸ್ಪೀಟಿನಂತೆ ಕಲಸಿ, ಗ್ಲೂಕೋಸ್ ಡಬ್ಬಿಯಲ್ಲಿ ತುಂಬಿ ನನ್ನ ಕೈಗೆ ಕೊಟ್ಟರು.

"ನಾನೇ ಎತ್ತಿದ್ರೆ ನನ್ನ ಮನಸ್ಸು ಬೆರಳಿಗೆ ಇಳಿದುಬಿಡುತ್ತೆ," ಎಂದರು. "ನೀವು ಎತ್ತಿ. ನಿಮಗೆ ಇದರಲ್ಲಿ ಯಾವ ಆಸೆಯೂ ಇಲ್ಲ."

ರೋಗಿಗಳನ್ನು ಒಂದು ಮಾತು ಕೇಳಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ. ನಮ್ಮ ವಾರ್ಡಿನ ಆಯಾ ಹೊಳೆನರಸೀಪುರದವಳು, ವಯಸ್ಸಾದವಳು. ಅವಳಿಗೆ ನಾನು ಇದನ್ನೆಲ್ಲ ವಿವರಿಸಿದಾಗ ಒಂದಿಷ್ಟೂ ಆಶ್ಚರ್ಯಪಡಲಿಲ್ಲ. "ದೇವ್ರತ್ರ ಊವ ಕೇಳ್ದಂಗೆ ಅನ್ನು. ಬಲಕ್ಕೆ ಬಿದ್ರೆ ಔಸ್ದಿ, ಎಡಕ್ಕೆ ಬಿದ್ರೆ ಇಲ್ಲ," ಎಂದು ಬಕೆಟ್ಟು ಎತ್ತಿಕೊಂಡು ಹೋದಳು. ಡಾಕ್ಟರು ಅರ್ಧ ಗಂಟೆ ಹೇಳಿದ್ದು ಅಷ್ಟೇ ಆಗಿತ್ತು.

ಮೊದಲನೆಯವನು ಕಟ್ಟಾಯದ ಕಡೆಯ ಗಾಡಿ ಹೊಡೆಯುವವ. ಚಕ್ರ ಹತ್ತಿ ಜಜ್ಜಿಹೋದ ಪಾದ ಕೊಳೆತು ಬಂದಿದ್ದ. ನಾನು ಶಾಸ್ತ್ರಪ್ರಕಾರ ಕಣ್ಣುಮುಚ್ಚಿ ಲಕೋಟೆ ಎತ್ತಿದೆ. 'ಇಲ್ಲ' ಎಂದಿತ್ತು. ಮಾರನೆಯ ಮಧ್ಯಾಹ್ನ ಅವನು ತೀರಿಕೊಂಡ. ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ನೋಡಿದ್ದ ಅವನ ಹೆಂಡತಿ, ಹೆಣ ಗಾಡಿಗೆ ಹತ್ತಿಸಿದ ಮೇಲೆ ಮತ್ತೆ ಒಳಗೆ ಬಂದಳು.

"ಆ ಚೀಟೀಲಿ ಏನ್ ಬರ್ದಿತ್ತು ಅವ್ವಾ?"

ಔಷಧಿಯ ಹೆಸರು ಎಂದೆ. ಅವಳು ತಲೆಯಾಡಿಸಿ ಹೋದಳು. ನಾನು ಅವತ್ತು ಊಟ ಮಾಡಲಿಲ್ಲ. ಬೀರುವಿನಲ್ಲಿ ಔಷಧಿ ಇಟ್ಟುಕೊಂಡು ಕಾಗದದ ಚೂರಿನ ಮಾತು ಕೇಳಿದ್ದೆ. ಆ ಔಷಧಿಯಿಂದ ಉಪಯೋಗವಿದೆಯೋ ಇಲ್ಲವೋ ಯಾರಿಗೂ ತಿಳಿಯದೆಂಬುದೇ ಈ ಚೀಟಿಗಳಿಗೆಲ್ಲ ಕಾರಣ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಪರದೇಶದಿಂದ ಪೆಟ್ಟಿಗೆಯಲ್ಲಿ ಬಂದದ್ದು ಒಳ್ಳೆಯದೇ ಇರಬೇಕೆಂದು ನನ್ನ ನಂಬಿಕೆ.

ಲಕೋಟೆಯ ಕಾಗದ ತೆಳುವಾಗಿತ್ತು. ಕಿಟಕಿಯ ಬಿಸಿಲಿಗೆ ಹಿಡಿದರೆ ಒಳಗಿನ ಅಕ್ಷರ ಕಾಣುತ್ತಿತ್ತು. ಇದು ನನಗೆ ಆಕಸ್ಮಿಕವಾಗಿ ತಿಳಿಯಿತು ಎಂದು ಬಹಳ ವರ್ಷ ಹೇಳಿಕೊಂಡೆ. ನಿಜವೆಂದರೆ ಕಾಣುತ್ತದೋ ಎಂದು ನೋಡುವುದಕ್ಕೇ ಹಿಡಿದೆ. ಅಂದಿನಿಂದ ಡಬ್ಬಿಯನ್ನು ಕಿಟಕಿಯ ಕೆಳಗೆ ಇಟ್ಟುಕೊಂಡೆ. ಸಾಯುವಂತಿದ್ದವರಿಗೆ 'ಹೌದು' ಹುಡುಕಿ ತೆಗೆಯುತ್ತಿದ್ದೆ. ಹೇಗೂ ಉಳಿಯುತ್ತಾರೆ ಅನ್ನಿಸಿದವರಿಗೆ 'ಇಲ್ಲ'. ಯಾರು ಸಾಯುವಂತಿದ್ದಾರೆಂದು ತಿಳಿಯಲು ನನಗೆ ರಕ್ತದ ಒತ್ತಡ ಅಳೆಯುವ ಪಾದರಸದ ಯಂತ್ರ ಬೇಕಿರಲಿಲ್ಲ. ಮೊಣಕಾಲು ಮುಟ್ಟಿದರೆ ಸಾಕಿತ್ತು. ಅಲ್ಲಿ ತಣ್ಣಗಿದ್ದು, ಸೂಜಿ ಚುಚ್ಚಿದರೂ ಮುಖ ಕಿವುಚದಿದ್ದರೆ ಕಷ್ಟ.

ಮಲ್ಲಿಪಟ್ಟಣದ ಕಡೆಯಿಂದ ಒಬ್ಬಳು ಬಾಣಂತಿ ಬಂದಳು. ಚೊಚ್ಚಲ ಹೆರಿಗೆ, ನನ್ನದೇ ವಯಸ್ಸು. ಮೊಣಕಾಲು ತಣ್ಣಗಿತ್ತು. ಅವಳಿಗಾಗಿ ನಾಲ್ಕು ಲಕೋಟೆ ಬಿಸಿಲಿಗೆ ಹಿಡಿದು 'ಹೌದು' ಹುಡುಕಿದೆ. ಇಂಜಕ್ಷನ್ ಕೊಟ್ಟ ಮೇಲೆ ಒಂದು ಸಲ ಕಣ್ಣು ತೆರೆದು ನೀರು ಕೇಳಿದಳು. ಗೆದ್ದೆ ಎಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು. ಅವಳ ತಾಯಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಕೈ ಹಿಡಿದುಕೊಂಡು, ನೀನು ಕೈಲಾದದ್ದೆಲ್ಲ ಮಾಡಿದೆ ಎಂದಳು. ನಾನು ಒಪ್ಪಿಕೊಂಡೆ.

ಅದೇ ವಾರ ಅರಕಲಗೂಡಿನ ಬಸ್ ಕಂಡಕ್ಟರೊಬ್ಬ ಬೆನ್ನಿನ ದೊಡ್ಡ ಕುರುವಿನಿಂದ ಬಂದ. ಯಂತ್ರದ ಲೆಕ್ಕದಲ್ಲಿ ಅವನಿಗೂ ಷಾಕ್. ಆದರೆ ಅವನ ಮೊಣಕಾಲು ಬೆಚ್ಚಗಿತ್ತು, ಮೇಲಾಗಿ ಆಸ್ಪತ್ರೆಯ ಕಾಫಿ ಸರಿಯಿಲ್ಲವೆಂದು ಗೊಣಗುತ್ತಿದ್ದ. ಕಾಫಿಯ ಯೋಚನೆ ಇರುವವನು ಸಾಯುವುದಿಲ್ಲವೆಂದು ಅವನಿಗೆ 'ಇಲ್ಲ' ಎತ್ತಿದೆ. ಎರಡು ವಾರಕ್ಕೆ ಎದ್ದು ಓಡಾಡಿದ. ಹೋಗುವಾಗ ಆ ಚೀಟಿಯನ್ನು ತನಗೇ ಕೊಡಬೇಕೆಂದು ಹಟ ಹಿಡಿದ. "ಟಿಕೆಟ್ ಇಲ್ದೆ ಯಾರ್ನೂ ಇಳಿಸ್ದೋನಲ್ಲ ನಾನು," ಎಂದ. ಡಾಕ್ಟರು ನಕ್ಕು ಕೊಟ್ಟರು. ಮುಂದೆ ಅವನು ತನ್ನ ಬಸ್ಸಿನ ಪ್ರಯಾಣಿಕರಿಗೆಲ್ಲ ಅದನ್ನು ತೋರಿಸಿ, ಇಂಥ ಆಸ್ಪತ್ರೆಯಲ್ಲಿ ಚೀಟಿ ಎತ್ತುತ್ತಾರೆ, ಎತ್ತಿದ ಕೂಡಲೇ ಗುಣ ಎಂದು ಸಾರಿದ. ಹಲ್ಲುನೋವಿನವರೂ ಬಂದು ತಮಗೊಂದು ಚೀಟಿ ಎಂದು ಕೈಯೊಡ್ಡತೊಡಗಿದರು. ಔಷಧಿ ಸಿಗದವನ ಚೀಟಿಗೆ ಬಂದ ಕೀರ್ತಿ ಔಷಧಿಗೆ ಎಂದೂ ಬರಲಿಲ್ಲ.

ಡಬ್ಬಿ ಖಾಲಿಯಾಯಿತು. ಡಾಕ್ಟರು ರಿಜಿಸ್ಟರು ಹರಡಿಕೊಂಡು ಎರಡು ಮಧ್ಯಾಹ್ನ ಕೂತರು. ಮೂರನೆಯ ಮಧ್ಯಾಹ್ನ ನನ್ನನ್ನು ಕರೆದರು. ಮುಖ ಬಾಡಿತ್ತು. ಇಂಜಕ್ಷನ್ ಪಡೆದವರೇ ಹೆಚ್ಚು ಸತ್ತಿದ್ದರು, ಅದೂ ಸ್ವಲ್ಪ ಹೆಚ್ಚಲ್ಲ. ಔಷಧಿ ಕೊಲ್ಲುತ್ತದೆ ಎಂದು ಬರೆದು ಬೆಂಗಳೂರಿನ ಡಾಕ್ಟರುಗಳ ಸಭೆಯಲ್ಲಿ ಓದಲು ಅವರು ಸಿದ್ಧರಾಗಿದ್ದರು. ತಮ್ಮ ಕೈಯಿಂದ ಇಷ್ಟು ಜನ ಹೋದರಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ನನಗೆ ಮಲ್ಲಿಪಟ್ಟಣದವಳು ನೀರು ಕೇಳಿದ್ದು ನೆನಪಾಯಿತು. ನಾಲ್ಕು ಲಕೋಟೆ ಹುಡುಕಿ ವಿಷ ಕೊಟ್ಟೆನೇ ಎಂದುಕೊಂಡೆ. ಡಾಕ್ಟರು ನನ್ನ ಕಡೆ ನೋಡದೆ, ಇನ್ನೊಂದು ವಿಚಿತ್ರ ಇದೆ ಎಂದು ರಿಜಿಸ್ಟರು ತಿರುಗಿಸಿದರು. 'ಹೌದು' ಬಂದವರೆಲ್ಲ ಬರುವಾಗಲೇ ನಾಡಿ ಸಿಗದವರು, 'ಇಲ್ಲ' ಬಂದವರು ಹೆಚ್ಚುಕಡಿಮೆ ಎಲ್ಲ ಮಾತಾಡುತ್ತಾ ಬಂದವರು. ಇಷ್ಟು ಕಾಕತಾಳೀಯ ಹೇಗೆ ಸಾಧ್ಯವೋ ಎಂದು ಕನ್ನಡಕ ಒರೆಸಿಕೊಂಡರು.

ಅಲ್ಲಿಯೇ ಹೇಳಿದೆ. ಕಿಟಕಿ, ಬಿಸಿಲು, ಮೊಣಕಾಲು, ಎಲ್ಲ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ.

"ಎಲ್ಲರಿಗೂ ಹೀಗೇ ಮಾಡಿದ್ರಾ?"

"ಕಟ್ಟಾಯದವನೊಬ್ಬನನ್ನ ಬಿಟ್ಟು ಸಾರ್."

ಅವರು ರಿಜಿಸ್ಟರು ಮುಚ್ಚಿದರು. ನಾನು ತಡೆಯಲಾರದೆ, ಹಾಗಾದರೆ ಆ ಬಾಣಂತಿಯನ್ನು ಕೊಂದದ್ದು ನಂಜೋ ನಾನು ಹುಡುಕಿ ಕೊಟ್ಟ ಔಷಧಿಯೋ ಎಂದು ಕೇಳಿದೆ. ಬೇರೆ ಯಾರಾದರೂ ಆಗಿದ್ದರೆ ಸಮಾಧಾನಕ್ಕೆ ಒಂದು ಮಾತು ಹೇಳುತ್ತಿದ್ದರು.

"ಗೊತ್ತಿಲ್ಲ," ಎಂದರು ಡಾಕ್ಟರು. "ಅದನ್ನ ತಿಳಿಯೋಕೆ ಇದ್ದದ್ದು ನೋಡದೆ ಚೀಟಿ ಎತ್ತೋದೊಂದೇ ದಾರಿ. ಈಗ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ."

ಅವರು ಬೆಂಗಳೂರಿಗೆ ಹೋಗಲಿಲ್ಲ. ಮೈಗೆ ಹುಷಾರಿಲ್ಲವೆಂದು ತಂತಿ ಕಳಿಸಿದರು. ನನಗೆ ತಿಳಿದಂತೆ ಅದು ಅವರು ಹೇಳಿದ ಏಕೈಕ ಸುಳ್ಳು, ಅದೂ ನನಗಾಗಿ. ಮಾರನೆಯ ದಿನದಿಂದ ವಾರ್ಡಿಗೆ ಯಾರು ಬಂದರೂ ಯಂತ್ರ ಕಟ್ಟುವ ಮೊದಲು, "ಮೊಣಕಾಲು ಏನನ್ನುತ್ತೆ?" ಎಂದು ನನ್ನನ್ನು ಕೇಳತೊಡಗಿದರು. ಗೇಲಿ ಎಂದು ಮೊದಮೊದಲು ಅಳು ಬರುತ್ತಿತ್ತು. ಗೇಲಿಯಲ್ಲ ಎಂದು ತಿಳಿಯಲು ತಿಂಗಳು ಹಿಡಿಯಿತು. ನಾನು ಕಷ್ಟ ಎಂದವರಿಗೆ ಬಾಟಲಿ ನೀರು ಬೇಗ ಏರುತ್ತಿತ್ತು, ನಂಜಿನ ಔಷಧಿಯೂ ಬೇಗ ಬೀಳುತ್ತಿತ್ತು. ಮೊದಲಿಗಿಂತ ಕೆಲವರು ಹೆಚ್ಚು ಉಳಿದರೆಂದು ನನಗನ್ನಿಸುತ್ತದೆ. ಆದರೆ ಅದನ್ನು ಯಾರೂ ಚೀಟಿ ಹಾಕಿ ನೋಡಲಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಹೀಗೆ ಹೇಳುವುದನ್ನು ನಾನು ಕಲಿತದ್ದು ಆಮೇಲೆ.

ಎರಡು ವರ್ಷದ ನಂತರ ಬೇರೊಂದು ಊರಿನ ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕಿದೆ. ಡಾಕ್ಟರು ಪ್ರಮಾಣಪತ್ರ ಬರೆದುಕೊಟ್ಟರು: ಈಕೆ ವೈದ್ಯಕೀಯ ಸಂಶೋಧನೆಯಲ್ಲಿ ಮನಃಪೂರ್ವಕವಾಗಿ ಭಾಗವಹಿಸಿದ್ದಾರೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಂದರ್ಶನದಲ್ಲಿ ಮೂವರು ಹಿರಿಯರು ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿ ಮೆಚ್ಚಿಕೊಂಡರು. ನಡುವೆ ಕೂತಿದ್ದವರು, ಆ ಸಂಶೋಧನೆಯಲ್ಲಿ ಕೊನೆಗೆ ಏನು ತಿಳಿಯಿತಮ್ಮ ಎಂದು ಕೇಳಿದರು. ಏನೂ ತಿಳಿಯಲಿಲ್ಲ ಸಾರ್ ಎಂದೆ. ನನ್ನದು ವಿನಯವೆಂದುಕೊಂಡು, ಸೋಮವಾರದಿಂದಲೇ ಕೆಲಸಕ್ಕೆ ಬರಲು ಹೇಳಿದರು.