ಖಾಲಿ ಜಾಗಕ್ಕೊಂದು ಸಾಕೆಟ್

ಊಟಕ್ಕೆ ಕೂತಾಗ ನಾನು ಎಡಗೈಯನ್ನು ನೆಲಕ್ಕೆ ಒತ್ತಿ ಒಂದು ಗಳಿಗೆ ಸುಮ್ಮನಿರುತ್ತೇನೆ. ಹೆಂಡತಿ ಇದನ್ನು ಪ್ರಾರ್ಥನೆ ಅಂದುಕೊಂಡಿದ್ದ ಕಾಲವೂ ಇತ್ತು. ಆಗ ಮನೆಯಲ್ಲಿ ನನಗೆ ಸ್ವಲ್ಪ ಮರ್ಯಾದೆಯಿತ್ತು. ನಿಜದಲ್ಲಿ ಇದು ಕೆಜಿಎಫ್ ಗಣಿಯಲ್ಲಿ ದುಡಿದ ಅಪ್ಪನಿಂದ ಬಂದ ಚಾಳಿ.

ಗಣಿಗೆ ಇಳಿಯುವವರೆಲ್ಲ ಬೋರ್ಡಿನಿಂದ ತಮ್ಮ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದು ಅದೇ ಮೊಳೆಗೆ ತೂಗಿಹಾಕಬೇಕು. ಮೊಳೆ ಖಾಲಿಯಿದ್ದರೆ ಆಳು ಇನ್ನೂ ಕೆಳಗಿದ್ದಾನೆ ಎಂದರ್ಥ. ನಾನು ಚಿಕ್ಕವನಿದ್ದಾಗ ಒಮ್ಮೆ ಕೆಳಗೆ ಬಂಡೆ ಸಿಡಿದು ಅಪ್ಪನ ಜೊತೆಗಾರನೊಬ್ಬ ಒಳಗೇ ಉಳಿದ. ಕೆಲವು ದಿನ ಹುಡುಕಿ ಆ ಸುರಂಗಕ್ಕೆ ಗೋಡೆ ಕಟ್ಟಿದರು. ಅವನ ಮೊಳೆಗೆ ಹೊಸಬನ ಬಿಲ್ಲೆ ಬಂತು.

“ಬೋರ್ಡ್ ತುಂಬ್ತು ಕಣ್ಲಾ. ಆಳು ಮಾತ್ರ ಅಲ್ಲೇ ಅವ್ನೆ,” ಎಂದಿದ್ದ ಅಪ್ಪ. ಆಮೇಲೆ ಸಾಯುವವರೆಗೂ ತುತ್ತೆತ್ತುವ ಮುಂಚೆ ನೆಲಕ್ಕೆ ಅಂಗೈಯಿಡುತ್ತಿದ್ದ. ಏನಪ್ಪಾ ಅಂತ ಕೇಳಿದರೆ, “ಕೆಳಗಿಂದ ಬಡೀತಾವ್ನೆ,” ಅನ್ನುತ್ತಿದ್ದ.

ನನಗೆ ಈವರೆಗೆ ಸಿಕ್ಕಿರುವುದು ಪಕ್ಕದ ಮನೆಯ ಗ್ರೈಂಡರಿನ ಸದ್ದು ಮಾತ್ರ. ಆದರೆ ಗ್ರೈಂಡರ್ ನಿಂತ ಮೇಲೂ ಕೈ ತೆಗೆಯಲು ಧೈರ್ಯ ಬರುವುದಿಲ್ಲ.

ಇಂಥ ಮನೆಯಿಂದ ಮಗಳು ವಿಮಾನ ರಿಪೇರಿ ಕಲಿಯಲು ಹೊರಟಳು. ದಿನವೂ ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿಗೆ. ನೆಲದಡಿಗೆ ಹೆದರುವುದೇ ಸಾಕಷ್ಟಿತ್ತು, ಈಗ ಆಕಾಶವೂ ಸೇರಿಕೊಂಡಿತು. ಮನೆ ಮೇಲೆ ವಿಮಾನ ಹೋದರೆ ಸಾಕು, ಇದರ ನಟ್ಟು ಬಿಗಿ ಮಾಡಿದ್ದು ಯಾರು ಅಂತ ಕೇಳುತ್ತಿದ್ದೆ. “ನಾನಲ್ಲಪ್ಪಾ, ಉಣ್ಣು,” ಅನ್ನುತ್ತಿದ್ದಳು.

ಕಳೆದ ವರ್ಷ ಅವಳನ್ನು ತರಬೇತಿಯ ಕೊನೆಯ ಹಂತಕ್ಕೆಂದು, ನಿಜವಾಗಿ ಹಾರುವ ವಿಮಾನಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರಿಗೆ ಹಾಕಿದರು. ಅಲ್ಲಿ ಸಲಕರಣೆಗಳಿಗೊಂದು ಬೋರ್ಡು. ಪ್ರತಿಯೊಂದಕ್ಕೂ ಅದರದೇ ಆಕಾರದ ಗುರುತು. ಕೆಲಸ ಮುಗಿದಾಗ ಒಂದು ಜಾಗ ಖಾಲಿಯಿದ್ದರೂ ವಿಮಾನ ಹೊರಡುವಂತಿಲ್ಲ. ಇದನ್ನು ಅವಳು ವಿವರಿಸಿದ ದಿನ ನಾನು ಊಟ ಅರ್ಧಕ್ಕೆ ಬಿಟ್ಟೆದ್ದೆ.

ಒಂದು ಸಂಜೆ ರೈಲಿನಿಂದ ಫೋನ್ ಮಾಡಿದಳು. ಅವಳು ಬಳಸಿದ ಸಾಕೆಟ್, ಅಂದರೆ ಬೋಲ್ಟ್ ಬಿಚ್ಚಲು ಹಾಕುವ ಹೆಬ್ಬೆರಳ ಗಾತ್ರದ ಉಕ್ಕಿನ ಟೋಪಿ, ಕಾಣೆಯಾಗಿತ್ತು. ತರಬೇತಿಯವಳೆಂದು ತನ್ನನ್ನು ಮನೆಗೆ ಕಳಿಸಿ ಸಿಬ್ಬಂದಿಯೇ ಹುಡುಕುತ್ತಿದ್ದಾರೆ, ಸಿಗದಿದ್ದರೆ ತನ್ನನ್ನು ಇಟ್ಟುಕೊಳ್ಳುವುದು ಅನುಮಾನ ಅಂದಳು.

“ಎಷ್ಟನೇ ಸೈಜು?” ಅಂದೆ.

ಕೂಡಲೇ ಸ್ಕೂಟರ್ ಹತ್ತಿ ನಮ್ಮೂರಿನ ರಾಬರ್ಟ್‌ಸನ್‌ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವನು ಸೆಟ್ಟಿನಿಂದ ಒಂದನ್ನೇ ಕೊಡಲು ಗೊಣಗಿದ. “ಎನ್ನಾ ಸಾರ್, ಯಾವ್ ಗಾಡಿಗೆ?” ಗಾಬರಿಯಲ್ಲಿ ವಿಮಾನಕ್ಕೆ ಅಂದುಬಿಟ್ಟೆ. “ಅಂಗಾದ್ರೆ ರೆಕ್ಕೆನೂ ಒಂದ್ ಜೊತೆ ಕಟ್ಟಿಕೊಡ್ಲಾ?” ಅಂದ.

ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಮಗಳು ಇಳಿದಾಗ ಸಾಕೆಟ್ಟನ್ನು ಅವಳ ಅಂಗೈಗಿಟ್ಟೆ. “ಬ್ಯಾಗಲ್ಲೇ ಇತ್ತು, ಈಗ್ ಸಿಕ್ತು ಅಂದ್ಬಿಡು.”

ಅವಳು ಅದನ್ನು ತಿರುಗಿಸಿ ನೋಡಿದಳು. “ತಲೆಗಿಲೆ ಕೆಟ್ಟದಾ ಅಪ್ಪಾ? ಬೋರ್ಡ್ ತುಂಬ್ತದೆ, ಸರಿ. ಕಳ್ದಿದ್ದು ವಿಮಾನದೊಳ್ಗೇ ಇದ್ರೆ? ಮೇಲೆ ಆರ್ವಾಗ ಯಾವ್ದಾದ್ರೂ ಕೇಬಲ್ಗೆ ಸಿಕ್ಕಾಕ್ಕೊಂಡ್ರೆ?”

ಕಾಲಡಿ ನೆಲ ನಡುಗಿತು. ಗೂಡ್ಸ್ ಗಾಡಿ, ಅಷ್ಟೇ. ಅಪ್ಪನ ಅಂಗೈ ಸಾಯುವ ತನಕ ಯಾವುದಕ್ಕಾಗಿ ಕಾದಿತ್ತೋ, ಅದಕ್ಕೆ ಅಡ್ಡ ಗೋಡೆ ಕಟ್ಟಲು ಇಟ್ಟಿಗೆ ಹೊತ್ತು ತಂದವನ ಹಾಗೆ ನಿಂತಿದ್ದೆ. ಅದೂ ಸ್ವಂತ ಪೆಟ್ರೋಲ್ ಹಾಕಿಕೊಂಡು.

“ನಿನ್ನ ತೆಗ್ದಾಕಿದ್ರೆ?”

“ತೆಗ್ದಾಕ್ಲಿ. ಉಡ್ಕೋದ್ ಮಾತ್ರ ನಿಲ್ಲಿಸ್ಬೇಡಿ ಅಂತ ಏಳ್ತೀನಿ. ಎಲ್ಲಿ ಬಿತ್ತು ಅಂತ ನಂಗೇ ತಾನೇ ಅಂದಾಜಿರೋದು?”

ಬೆಳಿಗ್ಗೆ ಮೊದಲ ರೈಲಿಗೇ ಹೋದಳು. ಅವಳ ಫೋನು ಹ್ಯಾಂಗರಿನ ಬಾಗಿಲಲ್ಲೇ ಜಮಾ ಆಗುತ್ತದೆಂದು ಗೊತ್ತಿದ್ದೂ ನಾನು ಕರೆ ಮಾಡುತ್ತಲೇ ಇದ್ದೆ.

ಮಧ್ಯಾಹ್ನ ಅವಳೇ ಮಾಡಿದಳು. ಸೀಟುಗಳನ್ನು ಕಿತ್ತು, ಅವಳು ತೋರಿಸಿದ ಕಡೆ ನೆಲಹಾಸಿನ ಹಲಗೆ ಎತ್ತಿಸಿದ್ದರಂತೆ. ಬೈಗುಳ ಸಿಕ್ಕಿತು, ತರಬೇತಿ ಉಳಿಯಿತು.

“ಕತ್ತಲಲ್ಲಿ ಒಂದ್ ಮೂಲೇಲಿ ಕೂತಿತ್ತಪ್ಪಾ. ನಾನೇ ಕೈ ಆಕಿ ತೆಗ್ದೆ.”

ಕೂತಲ್ಲೇ ಎಡಗೈಯನ್ನು ನೆಲಕ್ಕೆ ಒತ್ತಿದೆ. ಕೇಳಬೇಕಾದ್ದನ್ನೆಲ್ಲ ಬಿಟ್ಟು, “ಎಂಗಿತ್ತಮ್ಮ?” ಅಂದೆ.

“ತಣ್ಣಗಿತ್ತು,” ಅಂದಳು.